ಟಚ್ ಸ್ಕ್ರೀನ್ ಮೇಲೆ ‘ಮುಟ್ಟಬೇಡಿ’ ಚೀಟಿ ಯಾಕೆ?

ಮ್ಯೂಸಿಯಂನ ಟಚ್ ಸ್ಕ್ರೀನ್ ಕೆಟ್ಟರೆ ಮೊದಲು ಬೈಗುಳ ಬೀಳುವುದು ಶಾಲಾ ಮಕ್ಕಳಿಗೆ. ‘ಟ್ರಿಪ್ಪಿಗೆ ಬಂದವರು ಕುಟ್ಟಿ ಕುಟ್ಟಿ ಹಾಳು ಮಾಡಿದ್ರು’ ಅಂತ. ಕಾರವಾರ, ಅಂಕೋಲಾ, ಶಿರಸಿ ಕಡೆ ಇಂಥ ಕಿಯೋಸ್ಕ್ ರಿಪೇರಿಗೆ ಹೋಗುವವನು ನಾನು. ಮಕ್ಕಳ ತಪ್ಪು ನನಗಂತೂ ಕಾಣುವುದಿಲ್ಲ. ಮುಟ್ಟಲಿ ಅಂತಲೇ ಇಟ್ಟ ಪೆಟ್ಟಿಗೆ ಅಲ್ವಾ ಅದು?

ತಪ್ಪು ಶುರುವಾಗುವುದು ಖರೀದಿಯಲ್ಲಿ. ದುಡ್ಡೆಲ್ಲ ಪರದೆಗೆ ಹೋಗುತ್ತದೆ, ಉದ್ಘಾಟನೆಯ ಫೋಟೋದಲ್ಲಿ ಕಾಣುವುದು ಅದೇ ತಾನೆ. ಪರದೆಯ ಹಿಂದೆ ಕೆಲಸ ಮಾಡುವ ಸಣ್ಣ ಕಂಪ್ಯೂಟರನ್ನು ಗಾಳಿಯಾಡದ ಪ್ಲೈವುಡ್ ಡಬ್ಬಿಯಲ್ಲಿ ತುರುಕುತ್ತಾರೆ. ಅದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಆದರೆ 80 ಡಿಗ್ರಿ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆಂದ ಓಡಿದ ವಿಡಿಯೊ ಮಧ್ಯಾಹ್ನ ತಡವರಿಸುವುದಕ್ಕೆ ಎಷ್ಟೋ ಕಡೆ ಇಷ್ಟೇ ಕಾರಣ.

‘ಹೊಸ ಮಾಡೆಲ್ ಹಾಕಿದ್ರೆ ಸರಿಯಾಗ್ತದೆ’ ಎನ್ನುವವರೂ ಉಂಟು. ವಿಡಿಯೊ ಫೈಲನ್ನು ಕುಗ್ಗಿಸಿ ಇಡಲು ಎಚ್.264 ಅಂತ ಹಳೆಯ ವಿಧಾನ, ಎಚ್‌ಇವಿಸಿ ಅಂತ ಹೊಸದು. ಪೈ 4ರಲ್ಲಿ ಎಚ್.264 ವಿಡಿಯೊ ಡಿಕೋಡ್ ಮಾಡಲು, ಅಂದರೆ ಮತ್ತೆ ಬಿಚ್ಚಿ ತೋರಿಸಲು, ಪ್ರತ್ಯೇಕ ಹಾರ್ಡ್‌ವೇರ್ ಇದೆ. ಪೈ 5ರಲ್ಲಿ ಅದನ್ನು ತೆಗೆದಿದ್ದಾರೆ, ಎಚ್‌ಇವಿಸಿಗೆ ಮಾತ್ರ ಉಳಿಸಿದ್ದಾರೆ. ಅಂದರೆ ಹಳೆಯ ಎಚ್.264 ಫೈಲುಗಳ ಭಾರವೆಲ್ಲ ಪ್ರೊಸೆಸರ್ ತಲೆ ಮೇಲೆ. ಅದು ಹೊರುತ್ತದೆ, ಆದರೆ ಮುಚ್ಚಿದ ಡಬ್ಬಿಯಲ್ಲಿ ಬಿಸಿ ಮತ್ತೂ ಜಾಸ್ತಿ. ಯಾವ ಫೈಲು, ಯಾವ ಯಂತ್ರ ಅಂತ ಜೋಡಿ ನೋಡದೆ ಕೊಳ್ಳಬಾರದು.

ಫೈಲಿನ ವಿಷಯದಲ್ಲೂ ಎಲ್ಲದಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಜಗಲಿಯಲ್ಲಿ ಕೂತು ಹಾಲಕ್ಕಿ ಸಮುದಾಯದ ಹಾಡು ಹೇಳುವ ಅಜ್ಜಿಯ ವಿಡಿಯೊ ಕಡಿಮೆ ಬಿಟ್‌ರೇಟಿನಲ್ಲೂ, ಅಂದರೆ ಸೆಕೆಂಡಿಗೆ ಕಡಿಮೆ ಡೇಟಾ ಕೊಟ್ಟರೂ, ಚೆನ್ನಾಗಿ ಕಾಣುತ್ತದೆ. ಚಿತ್ರದಲ್ಲಿ ಹೆಚ್ಚು ಅಲುಗಾಟ ಇಲ್ಲವಲ್ಲ. ಅದೇ ಲೆಕ್ಕದಲ್ಲಿ ಶಿರಸಿಯ ಜನಪದ ಕುಣಿತ ಬೇಡರ ವೇಷದ ವಿಡಿಯೊ ಕುಗ್ಗಿಸಿ ನೋಡಿ. ಹೋಳಿಯ ಹೊತ್ತಿನ ರಾತ್ರಿ, ಸುತ್ತ ಕತ್ತಲು, ತಮಟೆಗೆ ಹಾರಿ ಕುಣಿಯುವ ವೇಷಧಾರಿ, ಬೆನ್ನಿಗೆ ನವಿಲುಗರಿ. ಗರಿಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಅಂಥದ್ದಕ್ಕೆ ಬಿಟ್‌ರೇಟ್ ಧಾರಾಳ ಬೇಕು. 4ಕೆ ಬೇಡ, 1080ಪಿ ಸಾಕು. ಮತ್ತೆ ಫೈಲು ಆ ಯಂತ್ರದ ಒಳಗೇ ಇರಲಿ. ನಮ್ಮ ಘಟ್ಟದ ಇಂಟರ್ನೆಟ್ ನಂಬಿ ಯೂಟ್ಯೂಬ್ ಲಿಂಕ್ ಹಾಕುವವರಿಗೆ ಏನು ಹೇಳುವುದು!

ಇನ್ನು ಮಕ್ಕಳ ಕುಟ್ಟಾಟ. ಹೆಚ್ಚಿನ ಕಿಯೋಸ್ಕ್ ಒಳಗೆ ಇರುವುದು ಬ್ರೌಸರ್. ಒತ್ತಿದಾಗಲೆಲ್ಲ ಹೊಸ ವಿಡಿಯೊ ಪ್ಲೇಯರ್ ತೆರೆದು, ಹಳೆಯದನ್ನು ಬಿಡದೇ ಇಟ್ಟರೆ ಮೆಮೊರಿ ತುಂಬುತ್ತಾ ಹೋಗಿ ಕೊನೆಗೆ ಕಪ್ಪು ಪರದೆ. ಮನೆಯಲ್ಲಿ ಸ್ವಲ್ಪ ಹೊತ್ತು ಟೆಸ್ಟ್ ಮಾಡಿದವನಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಪ್ಲೇಯರ್ ಇಟ್ಟು ಅದರೊಳಗೆ ಫೈಲು ಬದಲಿಸಿದರೆ ಮುಗಿಯಿತು. ಪ್ಲೇ ಶುರುವಾಗುವ ಮೊದಲೇ ನಿಲ್ಲಿಸುವ ಪಾಜ್ ಬಟನ್ ಒತ್ತಿದರೆ ಎರಡೂ ಆದೇಶ ಡಿಕ್ಕಿ ಹೊಡೆಯುತ್ತವೆ. ಒಂದು ಒತ್ತಿದ ಮೇಲೆ ಅರ್ಧ ಸೆಕೆಂಡು ಉಳಿದ ಒತ್ತುಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಬರೆದರೆ ಆಯಿತು.

ಕರೆಂಟಿನ ಕಥೆ ನಿಮಗೇ ಗೊತ್ತು. ಹೋಗಿ ಬಂದ ಮೇಲೆ ಕಂಪ್ಯೂಟರ್ ತಾನಾಗಿ ಏಳಬೇಕು, ಮಾಮೂಲಿ ಪಿಸಿಯಾದರೆ ಬಯೋಸ್‌ನಲ್ಲಿ, ಅಂದರೆ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಮಿನಲ್ಲಿ, ಹೆಚ್ಚಾಗಿ ಅದಕ್ಕೆ ಸೆಟ್ಟಿಂಗ್ ಇರುತ್ತದೆ. ಎದ್ದರೂ ಸಾಲದು. ಯಾರಾದರೂ ಮುಟ್ಟುವವರೆಗೆ ಸೌಂಡ್ ಇರುವ ವಿಡಿಯೊವನ್ನು ಬ್ರೌಸರ್ ತಾನೇ ಓಡಿಸುವುದಿಲ್ಲ. ಹಾಗಾಗಿ ಜನರನ್ನು ಕರೆಯುವ ಮೊದಲ ವಿಡಿಯೊ ಮ್ಯೂಟ್ ಆಗಿರಲಿ. ಮೆಮೊರಿ ಕಾರ್ಡನ್ನು ಓದಲು ಮಾತ್ರ ಬರುವಂತೆ ಲಾಕ್ ಮಾಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡೇ ಕೆಡಬಹುದು. ಸಣ್ಣ ಯುಪಿಎಸ್ ಅಂತೂ ಬೇಕೇ ಬೇಕು.

ಟೆಂಡರ್ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಬಿಲ್ ಪಾಸ್ ಮಾಡುವ ಮೊದಲು ಕಿಯೋಸ್ಕನ್ನು ಇಡೀ ದಿನ ಓಡಿಸಿ, ನಡುವೆ ಪ್ಲಗ್ ಕಿತ್ತು ನೋಡಿ. ಸಾಧ್ಯವಾದರೆ ಜುಲೈನಲ್ಲಿ ಮಾಡಿ. ಕೊಡೆ ಮಡಚಿ ಒಳಗೆ ಬಂದವರ ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಏನೇನೋ ಓಪನ್ ಮಾಡುತ್ತದೆ. ಪಕ್ಕದಲ್ಲಿ ಒಂದು ಒಣ ಬಟ್ಟೆ ಇಡಲು ಟೆಂಡರ್ ಏನೂ ಬೇಡ.