ಉಮ್ಮನ ನಾಲ್ಕು ನಿಮಿಷ

ನನ್ನ ತಂಗಿಯ ಮಗಳು ಕಳೆದ ವರ್ಷ ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡಿದಳು. ನಾಲ್ಕೇ ನಿಮಿಷ. ಮಂಗಳೂರು ಕಡೆಯ ಕಾಟಿಪಳ್ಳದ ನಮ್ಮ ಮನೆಯ ಜಗಲಿಯಲ್ಲಿ ನನ್ನ ಉಮ್ಮ, ಅಂದರೆ ಅಮ್ಮ, ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ, ಐದನೇ ಕ್ಲಾಸಿಗೆ ಶಾಲೆ ಬಿಡಿಸಿದ ದಿನ ಏನಾಯಿತು ಅಂತ ಕರಾವಳಿಯ ನಮ್ಮ ಮುಸ್ಲಿಮರ ಮನೆಮಾತಾದ ಬ್ಯಾರಿಯಲ್ಲಿ ಹೇಳುತ್ತಾರೆ. ಅಷ್ಟೇ. ಯಾರನ್ನೂ ಬೈದಿಲ್ಲ, ಕಟ್ಟುವ ಕೈಯನ್ನೂ ನಿಲ್ಲಿಸಿಲ್ಲ. ಕಾಲೇಜಿನ ಸ್ಪರ್ಧೆಗೆ ಮಾಡಿದ್ದನ್ನು ಯಾರೋ ವಾಟ್ಸಾಪಿಗೆ ಹಾಕಿದರು, ಸಂಜೆಯೊಳಗೆ ಊರಿನ ಕೆಲವು ಗಂಡಸರು ಫೋನ್ ಮಾಡಿ "ಮನೆ ಹೆಂಗಸರನ್ನು ಯಾಕೆ ಹೀಗೆ ಪ್ರದರ್ಶನಕ್ಕಿಡ್ತೀರಿ" ಅಂದರು, ರಾತ್ರಿ ಆಕೆ ಸ್ಪರ್ಧೆಯಿಂದ ಅದನ್ನು ವಾಪಸ್ ತಗೊಂಡಳು. ಉಮ್ಮ ಫೋನಿನಲ್ಲಿ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ಹೇಳಿದ್ದು ನಾನಲ್ವಾ? ನನ್ನನ್ನು ಯಾರೂ ಕೇಳಲೇ ಇಲ್ಲ."

ನಾನು 14 ವರ್ಷದಿಂದ ಸೌದಿಯ ಖೋಬರ್‌ನಲ್ಲಿದ್ದೇನೆ. ಬಂದ ಹೊಸತರಲ್ಲಿ ಇಲ್ಲಿ ಪಿಚ್ಚರ್ ನೋಡಲು ಟಾಕೀಸ್ ಇರಲಿಲ್ಲ. ಸಿನಿಮಾ ಬೇಕಾದರೆ ಕಾರು ಹತ್ತಿ, 25 ಕಿಲೋಮೀಟರ್ ಉದ್ದದ ಸೇತುವೆ ದಾಟಿ ಬಹರೈನ್‌ಗೆ ಹೋಗಬೇಕಿತ್ತು. ಸೌದಿಯಲ್ಲಿ ಟಾಕೀಸ್ ಬಾಗಿಲು ತೆರೆದದ್ದು 2018ರ ಏಪ್ರಿಲ್‌ನಲ್ಲಿ, ಅದೂ ರಿಯಾದ್‌ನಲ್ಲಿ. ಆದರೆ ಅದಕ್ಕೂ ಎಷ್ಟೋ ಮೊದಲೇ ಇಲ್ಲಿನ ಹೆಂಗಸರು ಕಿರುಚಿತ್ರ ಮಾಡುತ್ತಿದ್ದರು. ಸೌದಿಯ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಕೂಡ ಕಿರುಚಿತ್ರದಿಂದಲೇ ಶುರು ಮಾಡಿದವರು. 2012ರಲ್ಲಿ ತೆರೆಕಂಡ 'ವಜ್ದಾ' ಸಿನಿಮಾ ತೆಗೆಯುವಾಗ ರಿಯಾದ್‌ನ ಬೀದಿಯಲ್ಲಿ ಗಂಡಸರ ಜೊತೆ ನಿಂತು ಕೆಲಸ ಮಾಡುವ ಹಾಗಿರಲಿಲ್ಲ ಅಂತ ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ನಿರ್ದೇಶನ ಮಾಡಿದರು. ಕಥೆ ಏನು ಗೊತ್ತಾ? ಹತ್ತು ವರ್ಷದ ಹುಡುಗಿಗೆ ಒಂದು ಸೈಕಲ್ ಬೇಕು. ಈಗ ಪಕ್ಕದ ದಹ್ರಾನ್‌ನ ಇತ್ರಾ ಸಾಂಸ್ಕೃತಿಕ ಕೇಂದ್ರದಲ್ಲಿ ಕಿರುಚಿತ್ರ ನೋಡಲು ಕೂತಾಗ ನನಗೆ ಜಾಸ್ತಿ ಹಿಡಿಸುವುದು ಇಂಥವೇ, ಮನೆಯೊಳಗಿನ ಸಣ್ಣ ಸಣ್ಣ ಆಸೆಗಳು.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಚಿತ್ರೀಕರಣಕ್ಕೆ ಸರ್ಕಾರದ ಅನುಮತಿ ಬೇಕು. ಹೆಂಗಸರಿಗೆ ಕಾರು ಓಡಿಸುವ ಹಕ್ಕು ಸಿಕ್ಕ 2018ರಲ್ಲೇ, ಅದನ್ನು ಕೇಳಿ ಹೋರಾಡಿದ ಹೆಂಗಸರು ಜೈಲಿಗೂ ಹೋದರು. ನಮ್ಮಲ್ಲಿ ಅಂಥ ಅನುಮತಿ ಕೇಳದೆಯೇ ನನ್ನ ತಂಗಿಯ ಮಗಳು ಫೋನ್ ಎತ್ತಿ ಉಮ್ಮನ ಮುಂದೆ ಕೂರಬಹುದು. ಆದರೂ ಆಕೆಯ ಚಿತ್ರ ಒಂದು ದಿನವೂ ಉಳಿಯಲಿಲ್ಲ. ನನ್ನನ್ನು ಸುಡುವುದು ಇದೇ.

ಹೆಂಗಸರು ತಮ್ಮ ಕಥೆ ತಾವೇ ಹೇಳುವುದು ನಮ್ಮ ಕರಾವಳಿಗೆ ಹೊಸ ದಾರಿಯೂ ಅಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ 1980ರ ದಶಕದಲ್ಲೇ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದು, ತಲಾಖಿನ ಹೆಸರಲ್ಲಿ ಹೆಣ್ಣು ಪಡುವ ಪಾಡನ್ನು ಕನ್ನಡದಲ್ಲಿ ನೇರವಾಗಿ ಇಟ್ಟರು. ಬೈಗುಳ ತಿಂದರು, ಬರೆಯುವುದು ಬಿಡಲಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಖೋಬರ್‌ನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ. ಅಂದರೆ ಪೆನ್ನು ನಮ್ಮ ಹೆಂಗಸರ ಕೈಗೆ ಬಂದು ನಲವತ್ತು ವರ್ಷ ದಾಟಿತು. ಕ್ಯಾಮೆರಾ ಇನ್ನೂ ಬಂದಿಲ್ಲ. ಬಾನು ಅವರ ಕಥೆಯಿಂದ ಬಂದ 'ಹಸೀನಾ', ಕುಂದಾಪುರದ ಕಡೆಯ ಮುಸ್ಲಿಂ ಸೂಲಗಿತ್ತಿಯ 'ಗುಲಾಬಿ ಟಾಕೀಸ್', ರಾಷ್ಟ್ರಪ್ರಶಸ್ತಿ ಪಡೆದ 'ಬ್ಯಾರಿ', ಈ ಸಿನಿಮಾಗಳೆಲ್ಲ ಗಂಡಸರು ನಿರ್ದೇಶಿಸಿದವು. ಮೊದಲಿನ ಎರಡು ಗಿರೀಶ್ ಕಾಸರವಳ್ಳಿಯವರವು, ಅವನ್ನು ನೋಡಿ ನಾನು ಅತ್ತಿದ್ದೇನೆ. ಆದರೆ ನಮ್ಮ ಜಗಲಿಯ ಹೆಂಗಸರಲ್ಲಿ ಅವನ್ನು ನೋಡಿದವರು ಒಬ್ಬರೂ ಇಲ್ಲ.

2022ರಲ್ಲಿ ಉಡುಪಿಯ ಹುಡುಗಿಯರ ಎದುರು ಎಷ್ಟು ಕ್ಯಾಮೆರಾ ಇದ್ದವು ನೆನಪಿದೆಯಾ? ಕಾಲೇಜಿನ ಗೇಟಿನಲ್ಲಿ ವಾರಗಟ್ಟಲೆ. ಆ ಹುಡುಗಿಯರ ತಲೆ ಮೇಲಿನ ಬಟ್ಟೆ ಬಗ್ಗೆ ಇಡೀ ದೇಶ ಮಾತಾಡಿತು. ನೀನು ಏನು ಓದ್ತಿದ್ದೀಯಾ, ಮುಂದೆ ಏನಾಗ್ಬೇಕು ಅಂತಿದ್ದೀಯಾ ಅಂತ ಕೇಳಿದ ಮೈಕ್ ಒಂದನ್ನೂ ನಾನು ನೋಡಲಿಲ್ಲ. ಆ ಪ್ರಾಯದ ಹುಡುಗಿಯ ಕೈಯಲ್ಲೇ ಕ್ಯಾಮೆರಾ ಇದ್ದಿದ್ದರೆ ಬಹುಶಃ ಗೆಳತಿಯ ಟಿಫಿನ್ ಡಬ್ಬಿಯನ್ನೋ, ಬಸ್ಸಿನ ಕಿಟಕಿ ಸೀಟಿಗೆ ಆಡಿದ ಜಗಳವನ್ನೋ ತೋರಿಸುತ್ತಿದ್ದಳು. ನನಗೆ ಅದು ನೋಡಬೇಕು.

ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಿಂದ ಇದೆ. ಹುಡುಗಿಯರಿಗೆ ಅಂತಲೇ ಒಂದು ವಾರದ ಕಿರುಚಿತ್ರ ಶಿಬಿರ ಮಾಡಲಿ, ಮೊಬೈಲ್ ಸಾಕು. ಮಾಡಿದ್ದನ್ನು ಪುರಭವನದಲ್ಲಿ ಒಂದು ಮಧ್ಯಾಹ್ನ ಹೆಂಗಸರಿಗೆ ತೋರಿಸಲಿ, ಬ್ಯಾರಿಯಲ್ಲೇ ಇರಲಿ, ಪ್ರಶಸ್ತಿ ಗಿಶಸ್ತಿ ಆಮೇಲೆ. ಗಂಡಸರ ಹತ್ತಿರ ನನ್ನದು ಒಂದೇ ಕೋರಿಕೆ, ಫೋನ್ ಮಾಡುವ ಮುಂಚೆ ನಾಲ್ಕು ನಿಮಿಷ ಪೂರ್ತಿ ನೋಡಿ.

ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ. ಆ ವಿಡಿಯೋ ತಂಗಿಯ ಮಗಳ ಫೋನಿನಲ್ಲಿ ಇನ್ನೂ ಇದೆಯಂತೆ. ಜಗಲಿಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಬರುವ ಹೆಂಗಸರನ್ನೆಲ್ಲ ಕರೆದು ತೋರಿಸುತ್ತೇವೆ. ಉಮ್ಮ ಒಪ್ಪಿದ್ದಾರೆ. ಬೀಡಿ ಕೊಡುವ ದಿನ ಮಾತ್ರ ಬೇಡ, ಅವತ್ತು ಯಾರಿಗೂ ಪುರುಸೊತ್ತಿರಲ್ಲ ಅಂದರು.