ಒಳಗೆ ಬಿಟ್ಟ ಬಟ್ಟೆ

ದರ್ಜಿಯ ಸುಳ್ಳು ಪಾಪದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಾನು ನಂಬಿದ್ದೇನೆ. ಸೇರುವುದಾದರೆ ನನ್ನ ಸೋದರಮಾವನಿಗೆ ಯಮಲೋಕದಲ್ಲಿ ಈಗ ಭಾರೀ ಕಷ್ಟವಿರಬೇಕು. ತಿಪಟೂರಿನ ಪೇಟೆಯಲ್ಲಿ, ಎರಡು ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕಿರಿದಾದ ಅಂಗಡಿಯಲ್ಲಿ ಕೂತು ಅವರು ಜೀವಮಾನವಿಡೀ ಹೇಳಿದ್ದು ಒಂದೇ ಮಾತು: "ನಾಳೆ ಸಂಜೆ ಬನ್ನಿ, ಗುಂಡಿ ಹಾಕುವುದೊಂದು ಬಾಕಿ." ಆ ಹೊತ್ತಿಗೆ ಬಟ್ಟೆ ಕತ್ತರಿಯ ಮುಖವನ್ನೂ ಕಂಡಿರುತ್ತಿರಲಿಲ್ಲ. ಗಿರಾಕಿಗೂ ಅದು ಗೊತ್ತು. ಗೊತ್ತಿದ್ದೂ ಮರುದಿನ ಸಂಜೆ ಬರುತ್ತಿದ್ದ, ಬೈಯುತ್ತಿದ್ದ, ಮಾವ ತರಿಸಿದ ಟೀ ಕುಡಿದು ಹೋಗುತ್ತಿದ್ದ. ಹೊಲಿಗೆಯ ಕೂಲಿಯಲ್ಲಿ ಒಂದು ಪಾಲು ಹೀಗೆ ಟೀ ಅಂಗಡಿಗೆ ಸೇರುತ್ತಿತ್ತು ಎಂಬುದು ಅತ್ತೆಯ ಖಾಯಂ ದೂರು.

ತಿಪಟೂರು ಕೊಬ್ಬರಿಯ ಊರು. ಹರಾಜಿನ ದಿನ ರೈತರು ಮಂಡಿಯಲ್ಲಿ ದುಡ್ಡು ಎಣಿಸಿಕೊಂಡು ನೇರವಾಗಿ ಬಟ್ಟೆ ಅಂಗಡಿಗೆ ಹೋಗಿ, ಅಲ್ಲಿಂದ ಕಾಗದದ ಪೊಟ್ಟಣ ಹಿಡಿದುಕೊಂಡು ಮಾವನ ಮೆಟ್ಟಿಲು ಹತ್ತುತ್ತಿದ್ದರು. ಕೊಬ್ಬರಿಗೆ ಎಷ್ಟು ಬಿತ್ತು ಎಂದು ಮಾವ ಯಾರನ್ನೂ ಕೇಳಿದವರಲ್ಲ. ಪೊಟ್ಟಣ ಬಿಚ್ಚಿದರೆ ಸಾಕಿತ್ತು. ಟೆರಿಕಾಟ್ ಬಂದರೆ ದರ ಏರಿದೆ, ಪಟ್ಟಾಪಟ್ಟಿ ಚಡ್ಡಿಯ ಬಟ್ಟೆಯಷ್ಟೇ ಬಂದರೆ ಇಳಿದಿದೆ, ಹಳೆಯ ಪ್ಯಾಂಟಿಗೆ ತೇಪೆ ಹಾಕಿಸಲು ಬಂದರೆ ತೆಂಗಿಗೆ ನುಸಿ ಹತ್ತಿದೆ.

ಅಳತೆ ತೆಗೆಯುವಾಗ ಅವರನ್ನು ನೋಡಬೇಕಿತ್ತು. ಕೊರಳಲ್ಲಿ ನೇತಾಡುವ ಟೇಪು, ಕಿವಿಯ ಮೇಲೆ ಪೆನ್ಸಿಲು. "ಉದ್ದ 28, ಭುಜ 17, ತೋಳು ಒಂಬತ್ತೂವರೆ, ಎದೆ 38" ಎಂದು ಅವರು ಕೂಗುತ್ತಿದ್ದರೆ, ರಜೆಗೆ ಹೋದ ನಾನು ಉದ್ದನೆಯ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ದೇಶ 1956ರಲ್ಲಿ ಕಾಯಿದೆ ಮಾಡಿ ಮೆಟ್ರಿಕ್ ಪದ್ಧತಿಗೆ ಬಂತು. ಬಟ್ಟೆ ಅಂಗಡಿಯ ಗಜಕಡ್ಡಿ ಹೋಗಿ ಮೀಟರ್ ಕಡ್ಡಿ ಬಂತು. ದರ್ಜಿಯ ಟೇಪು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಂದು ಮುಖದಲ್ಲಿ 60 ಇಂಚು, ಇನ್ನೊಂದು ಮುಖದಲ್ಲಿ ಸೆಂಟಿಮೀಟರ್ ಇದ್ದರೂ ಆ ಇನ್ನೊಂದು ಮುಖವನ್ನು ಮಾವ ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಬಟ್ಟೆ ಮೀಟರಿನಲ್ಲಿ ಬರುತ್ತಿತ್ತು, ಮನುಷ್ಯ ಇಂಚಿನಲ್ಲಿ ಬರುತ್ತಿದ್ದ; ಎರಡನ್ನೂ ಸರಿತೂಗಿಸುವ ಲೆಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟ ಅವರ ತಲೆಯೊಳಗೇ ಮುಗಿಯುತ್ತಿತ್ತು. ಹೊಟ್ಟೆಯ ಸುತ್ತಳತೆಯನ್ನು ಮಾತ್ರ ಕೂಗುತ್ತಿರಲಿಲ್ಲ, ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಿದ್ದರು. ಬೇರೆ ಗಿರಾಕಿಗಳ ಎದುರಿಗೆ ಯಾರ ಹೊಟ್ಟೆಯೂ ಬಯಲಾಗಬಾರದು ಎಂಬ ಈ ಮರ್ಯಾದೆಯನ್ನು ಅವರಿಗೆ ಯಾರು ಕಲಿಸಿದ್ದರೋ.

ದಿನದ ವಿಷಯದಲ್ಲಿ ಅಷ್ಟು ಸುಳ್ಳು ಹೇಳುತ್ತಿದ್ದ ಮನುಷ್ಯ ಬಟ್ಟೆಯ ವಿಷಯದಲ್ಲಿ ಒಂದಿಂಚು ಸುಳ್ಳಾಡಿದವರಲ್ಲ. ಗಿರಾಕಿಯ ಬಟ್ಟೆಯಲ್ಲಿ ಉಳಿಸಿ ತಮ್ಮ ಮಗನಿಗೊಂದು ಚಡ್ಡಿ ಹೊಲಿಯುವ ದರ್ಜಿಗಳು ಆಗ ಇದ್ದರು. ಮಾವ ಉಳಿದದ್ದನ್ನು ಗಿರಾಕಿಯ ಬಟ್ಟೆಯ ಒಳಗೇ ಬಿಡುತ್ತಿದ್ದರು: ಪ್ಯಾಂಟಿನ ಹಿಂದೆ ನಡು ಹೊಲಿಗೆಯಲ್ಲಿ, ಕಾಲಿನ ತುದಿಯ ಮಡಿಕೆಯಲ್ಲಿ, ರವಿಕೆಯ ಪಕ್ಕದಲ್ಲಿ. "ಮನುಷ್ಯ ಎಂದಮೇಲೆ ಉದ್ದವಾದರೂ ಆಗುತ್ತಾನೆ, ದಪ್ಪವಾದರೂ ಆಗುತ್ತಾನೆ. ಸುಮ್ಮನಂತೂ ಇರುವುದಿಲ್ಲ" ಎನ್ನುತ್ತಿದ್ದರು. ಮದುವೆಗೆಂದು ಹೊಲಿಸಿದ ಪ್ಯಾಂಟನ್ನು ಮೊದಲ ಮಗುವಿನ ನಾಮಕರಣಕ್ಕೆ ಬಿಚ್ಚಿಸಿ ದೊಡ್ಡದು ಮಾಡಿಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಮಕ್ಕಳ ಬಟ್ಟೆಯಲ್ಲಂತೂ ಒಳಗೆ ಬಿಟ್ಟದ್ದೇ ಅರ್ಧ. "ಬೆಳೆಯುವ ಹುಡುಗ, ಸ್ವಲ್ಪ ದೊಗಲೆಯಾಗಿಯೇ ಇರಲಿ" ಎಂದು ತಾಯಂದಿರು ಹೇಳುವ ಮೊದಲೇ ಅವರು ಸೀಮೆಸುಣ್ಣದ ಗೆರೆಯನ್ನು ಎರಡು ಬೆರಳು ಆಚೆಗೆ ಎಳೆದಿರುತ್ತಿದ್ದರು.

ನನ್ನ ನೀಲಿ ಚಡ್ಡಿಯೂ ಅವರೇ ಹೊಲಿದದ್ದು. ಪ್ರತಿ ಜೂನ್ ತಿಂಗಳಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದರು. ಬಿಸಿಲು ಕಾಣದ ಆ ಬಟ್ಟೆ ಅಂಗಡಿಯಿಂದ ತಂದಾಗಿನ ಬಣ್ಣದಲ್ಲೇ ಇರುತ್ತಿತ್ತು. ಮೇಲೆ ತೊಳೆದು ತೊಳೆದು ಬೂದಿಯಾದ ನೀಲಿ, ಕೆಳಗೆ ಪಟ್ಟಿ ಪಟ್ಟಿಯಾಗಿ ಹೊಸ ನೀಲಿ. ನಮ್ಮ ಶಾಲೆಯಲ್ಲಿ ಚಡ್ಡಿಯ ಪಟ್ಟಿ ಎಣಿಸಿಯೇ ಹುಡುಗ ಎಷ್ಟನೆಯ ತರಗತಿ ಎಂದು ಹೇಳಬಹುದಿತ್ತು.

ಅಂಗಡಿಯ ಬೋರ್ಡಿನ ಮೇಲೆ ಮಾವನೊಬ್ಬರದೇ ಹೆಸರಿತ್ತು. ಅರ್ಧ ಕೆಲಸ ಅತ್ತೆಯದು. ಕಾಜಾ ಮಾಡುವುದು, ಗುಂಡಿ ಹಾಕುವುದು, ಹೆಮ್ಮಿಂಗ್ ಎಲ್ಲವೂ ಮನೆಯಲ್ಲಿ, ಮಕ್ಕಳ ಊಟವಾಗಿ ಪಾತ್ರೆ ತೊಳೆದ ಮೇಲೆ. ಅಂಗಿಯ ಎದೆಪಟ್ಟಿಯಲ್ಲಿ ಚೂಪು ಕತ್ತರಿಯಿಂದ ಸಣ್ಣ ಸೀಳು ಮಾಡಿ, ಅದರ ಅಂಚಿನುದ್ದಕ್ಕೂ ದಾರವನ್ನು ಒತ್ತೊತ್ತಾಗಿ ಸುತ್ತಿ, ಪ್ರತಿ ಸುತ್ತಿಗೂ ಒಂದು ಪುಟ್ಟ ಗಂಟು ಬೀಳುವಂತೆ ಎಳೆಯುತ್ತಿದ್ದರು. ಒಂದು ಕಾಜಾಕ್ಕೆ ಅಷ್ಟೆಲ್ಲ. ಒಂದು ಅಂಗಿಗೆ ಏಳೆಂಟು ಕಾಜಾ. ಎದುರಿಗೆ ಕೂತ ಮಾವ ಸೂಜಿಗೆ ದಾರ ಪೋಣಿಸಿ ಪೋಣಿಸಿ ಇಡುತ್ತಿದ್ದರು, ಅತ್ತೆಯ ಕಣ್ಣಿಗೆ ಆಯಾಸವಾಗಬಾರದೆಂದು. ಗಂಡ ಹೆಂಡತಿಯ ಮಾತುಕತೆ, ಜಗಳ, ಸಾಲದ ಲೆಕ್ಕ, ಮಗಳಿಗೆ ಗಂಡು ನೋಡುವ ವಿಚಾರ ಎಲ್ಲವೂ ಆ ಹೊತ್ತಿನಲ್ಲೇ ಇತ್ಯರ್ಥವಾಗುತ್ತಿದ್ದವು. ಪ್ರೀತಿಯ ಮಾತು ಅವರ ಬಾಯಲ್ಲಿ ನಾನು ಕೇಳಿದವನಲ್ಲ. ಪೋಣಿಸಿಟ್ಟ ಸೂಜಿಗಳನ್ನು ನೋಡಿದ್ದೇನೆ.

ಹಬ್ಬದ ಹಿಂದಿನ ರಾತ್ರಿ ಊರಿನ ಬಟ್ಟೆಯೆಲ್ಲ ಮುಗಿದ ಮೇಲೆ ಸ್ವಂತ ಮಕ್ಕಳ ಸರದಿ. ಯುಗಾದಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ನಿಂತ ಮಕ್ಕಳ ಎದುರಿಗೇ ಕೊನೆಯ ಹೊಲಿಗೆ ಬೀಳುತ್ತಿತ್ತು. ಹಾಗಿದ್ದರೂ ಬೇವುಬೆಲ್ಲ ಕೊಡುವ ಹೊತ್ತಿಗೆ ಯಾರೊಬ್ಬರೂ ಹಳೆಯ ಬಟ್ಟೆಯಲ್ಲಿ ಇರುತ್ತಿರಲಿಲ್ಲ, ಮಾವನನ್ನು ಬಿಟ್ಟರೆ. ಅವರ ಕಪ್ಪು ಉಷಾ ಮೆಷಿನ್ನಿಗೆ ಬಿಡುವು ಸಿಗುತ್ತಿದ್ದದ್ದು ಆಯುಧಪೂಜೆಯಂದು ಮಾತ್ರ. ಎಣ್ಣೆ ಬಿಟ್ಟು ಒರೆಸಿ, ವಿಭೂತಿ ಕುಂಕುಮ ಇಟ್ಟು, ಪಕ್ಕದಲ್ಲಿ ಕತ್ತರಿಯನ್ನು ಮಲಗಿಸುತ್ತಿದ್ದರು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದ ಮಗನಿಗೆ ಬಿದ್ದ ಏಟೇ ಆ ಮನೆಯಲ್ಲಿ ಬಿದ್ದ ಒಂದೇ ಏಟು ಎಂದು ಕೇಳಿದ್ದೇನೆ. ಆ ಮಗ ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ಆನ್‌ಲೈನಿನಲ್ಲಿ ಅಂಗಿ ತರಿಸುತ್ತಾನೆ.

ಸಿದ್ಧ ಉಡುಪು ಬಂದಿತು, ಬಟ್ಟೆ ತರುವವರು ಕಡಿಮೆಯಾದರು. ಅದನ್ನು ವಿವರಿಸುವುದು ಬೇಡ, ಎಲ್ಲರಿಗೂ ಗೊತ್ತಿರುವ ಕಥೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವ ಸಮವಸ್ತ್ರದ ಬಟ್ಟೆ ಜೂನ್ ತಿಂಗಳಲ್ಲಿ ಕೈಹಿಡಿಯುತ್ತಿತ್ತು. ಉಳಿದಂತೆ ಜಿಪ್ ಹಾಕುವುದು, ಉದ್ದ ಕತ್ತರಿಸುವುದು. ಹೊಸ ಪ್ಯಾಂಟನ್ನು ದೊಡ್ಡದು ಮಾಡಿಕೊಡಿ ಎಂದು ಯಾರಾದರೂ ಬಂದರೆ ಮಾವ ಅದನ್ನು ಒಳಗು ಹೊರಗು ಮಾಡಿ, ಅರ್ಧ ಇಂಚೂ ಇಲ್ಲದ ಹೊಲಿಗೆಯ ಅಂಚನ್ನು ಉಗುರಿನಿಂದ ಎತ್ತಿ ತೋರಿಸಿ, "ಇದರಲ್ಲಿ ಏನನ್ನು ಬಿಡಿಸಲಿ?" ಎನ್ನುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿದ್ದದ್ದು ಅಲ್ಲೊಂದೇ ಕಡೆ. ಹೊಲಿದವನಿಗೆ ಹಾಕುವವನ ನಾಳೆಯ ಯೋಚನೆಯೇ ಇಲ್ಲವಲ್ಲ ಎಂಬ ಸಿಟ್ಟು. ನನಗೂ ಅದು ನ್ಯಾಯವೆಂದೇ ಅನ್ನಿಸುತ್ತದೆ. ಬೆಲೆ ಕೇಳಿದರೆ ಮಾತ್ರ ಸುಮ್ಮನಾಗಬೇಕಾಗುತ್ತದೆ.

2020ರ ಲಾಕ್‌ಡೌನಿನಲ್ಲಿ ಅಂಗಡಿಯ ಬಾಗಿಲು ಹಾಕಿ ಮನೆಯಲ್ಲಿ ಕೂತು ಮಾಸ್ಕ್ ಹೊಲಿದರು. ಮರುವರ್ಷ ಅಗಸರು, ಕ್ಷೌರಿಕರು, ದರ್ಜಿಗಳು ಮುಂತಾದವರಿಗೆಲ್ಲ ಸರ್ಕಾರ 2,000 ರೂಪಾಯಿ ಪರಿಹಾರ ಘೋಷಿಸಿದಾಗ, "ಪರವಾಗಿಲ್ಲ, ನಾವೂ ಇದ್ದೇವೆ ಎಂದು ಅವರಿಗೆ ಗೊತ್ತಿದೆ" ಎಂದು ನಕ್ಕರು.

ಕಳೆದ ವರ್ಷ ಮಾವ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಂಗಡಿ ತೆಗೆದು ನೋಡಿದರೆ ಕತ್ತರಿಸಿಟ್ಟ ಬಟ್ಟೆಗಳು, ಪ್ರತಿ ಗಂಟಿಗೂ ಒಂದು ಚೀಟಿ. ವಾಪಸು ಕೊಟ್ಟುಬಿಡೋಣ ಎಂದ ಮಗ. ಕತ್ತರಿಸಿದ ಬಟ್ಟೆಯನ್ನು ಯಾರಿಗೆ ಕೊಟ್ಟು ಏನು ಮಾಡುತ್ತೀಯ ಎಂದರು ಅತ್ತೆ. ಅಳತೆ ಪುಸ್ತಕ ಮುಂದಿಟ್ಟುಕೊಂಡು ಅವರೇ ಒಂದೊಂದಾಗಿ ಹೊಲಿದು ಮುಗಿಸಿದರು. ಕಾಜಾ ಮಾಡಿಕೊಂಡಿದ್ದವರಿಗೆ ಕಾಲರ್ ಕೂರಿಸುವುದು ಯಾವಾಗ ಬಂತು ಎಂದು ನಾವೆಲ್ಲ ಬೆರಗಾದೆವು. ಅಷ್ಟು ವರ್ಷ ಎದುರಿಗೆ ಕೂತಿದ್ದೇನೆ, ಕುರುಡಿಯೇ ನಾನು ಎಂದು ನಮ್ಮನ್ನೇ ಗದರಿದರು.

ಈಗ ಮೆಷಿನ್ನಿಗೆ ಮಗಳು ಮೋಟರ್ ಹಾಕಿಸಿಕೊಟ್ಟಿದ್ದಾಳೆ. ಅತ್ತೆ ರವಿಕೆ ಹೊಲಿಯುತ್ತಾರೆ, ಒಳಗೆ ಬಟ್ಟೆಯನ್ನೂ ಬಿಡುತ್ತಾರೆ. ಮಾವ ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಿದ್ದ ಕೂಲಿಯ ಎರಡರಷ್ಟನ್ನು ಕನ್ನಡಕ ಸರಿಮಾಡಿಕೊಂಡು ನೇರವಾಗಿ ಕೇಳುತ್ತಾರೆ. ಇಲ್ಲಿಯವರೆಗೆ ಯಾರೂ ಚೌಕಾಸಿ ಮಾಡಿಲ್ಲ. ಟೀಯನ್ನಂತೂ ತರಿಸುವುದಿಲ್ಲ.