ನೋಡಬೇಕಾದರೆ ಅಳಿಸುವ ಅಧಿಕಾರ ಬೇಕು

ಪತ್ತಿನ ಸಹಕಾರ ಸಂಘ, ಅಡಿಕೆ ಮಂಡಿ, ಶಾಲೆಯ ಆಫೀಸು. ಇಂಥ ಕಡೆ ಮೂಲೆಯ ಕಂಪ್ಯೂಟರ್ ತಡಕಿದರೆ ಲೆಕ್ಕಪತ್ರ ತುಂಬಿಟ್ಟ ಒಂದು ಹಳೇ ಅಕ್ಸೆಸ್ ಡೇಟಾಬೇಸ್ ಸಿಕ್ಕರೂ ಸಿಗಬಹುದು. ಅದನ್ನು ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ. ಫೋನ್ ಎತ್ತುವುದಿಲ್ಲ. ಅಕ್ಸೆಸ್ ಅನ್ನುವ ಈ ಸಾಫ್ಟ್‌ವೇರನ್ನು ಮೈಕ್ರೋಸಾಫ್ಟ್ 1992ರಲ್ಲಿ ಬಿಡುಗಡೆ ಮಾಡಿತು. ಆಮೇಲೆ ಎಷ್ಟೋ ಸಾಫ್ಟ್‌ವೇರ್ ಬಂದು ಹೋದವು, ಇದು ಮಾತ್ರ ನಿವೃತ್ತಿ ವಯಸ್ಸು ದಾಟಿದರೂ ಕುರ್ಚಿ ಬಿಡದ ಕಾರ್ಯದರ್ಶಿಗಳ ಜೊತೆ ಸುಖವಾಗಿದೆ.

ಠೇವಣಿಗೆ ಬಡ್ಡಿ ಎಷ್ಟಾಗಿದೆ ಅಂತ ಕೇಳಲು ಅಜ್ಜ ಒಬ್ಬರು ಬರುತ್ತಾರೆ ಅಂದುಕೊಳ್ಳಿ.

‘ಪರ್ಮಿಶನ್ ಇಲ್ಲ ಅಂತಿದೆ ಅಜ್ಜಾ. ನಾಳೆ ಬನ್ನಿ.’

‘ಯಾರ ಪರ್ಮಿಶನ್ ಬೇಕವ್ವಾ? ಅಧ್ಯಕ್ಷರು ಇಲ್ಲೇ ಟೀ ಕುಡೀತಾ ಕೂತವ್ರಲ್ಲ!’

ಕೌಂಟರ್ ಮೇಡಂ ಹತ್ತಿರ ಇದಕ್ಕೆ ಉತ್ತರ ಇಲ್ಲ. ಪರದೆಯ ಹತ್ತಿರವೂ ಇಲ್ಲ. ಅಲ್ಲಿ ಬಂದಿರುವುದು 3051 ನಂಬರಿನ ಎರರ್. ಅದರ ಸಾರಾಂಶ ಇಷ್ಟು: ಈ ಫೈಲನ್ನು ಬೇರೆ ಯಾರೋ ತಮಗೊಬ್ಬರಿಗೇ ಅಂತ ತೆರೆದು ಕೂತಿದ್ದಾರೆ, ಇಲ್ಲವೇ ಇದನ್ನು ನೋಡಲು, ಬರೆಯಲು ನಿಮಗೆ ಅನುಮತಿ ಬೇಕು. ಎರಡರಲ್ಲಿ ಯಾವುದು ಅಂತ ಅದು ಹೇಳುವುದಿಲ್ಲ. ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ. ಅನುಮತಿ ಕೊಡುವವರು ಯಾರು, ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ, ಅದೂ ಗುಟ್ಟು.

ಇದಕ್ಕಿಂತ ವಿಂಡೋಸ್ ವಾಸಿ. ಅದು ಕೆಲವು ಸಲ ಹೆಸರು ಹಿಡಿದೇ ಹೇಳುತ್ತದೆ, ಈ ಫೈಲ್ ಬದಲಾಯಿಸಲು ಇಂಥವರ ಅನುಮತಿ ಬೇಕು ಅಂತ. ಕಣ್ಣುಜ್ಜಿ ನೋಡಿದರೆ ಅದು ನಿಮ್ಮದೇ ಹೆಸರು! ನಿಮಗೆ ನೀವೇ ಅರ್ಜಿ ಬರೆದು, ನೀವೇ ಷರಾ ಹಾಕಿ, ನೀವೇ ತಿರಸ್ಕರಿಸಿಕೊಳ್ಳಬಹುದು.

ನಿಜವಾದ ತಮಾಷೆ ಇರುವುದು ಲಾಕ್ ಫೈಲಿನಲ್ಲಿ. ನಾಲ್ಕು ಜನ ಬಳಸುವ ಡೇಟಾಬೇಸನ್ನು ಯಾರಾದರೂ ತೆರೆದರೆ ಅದೇ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲ್ ಹುಟ್ಟುತ್ತದೆ. ಯಾರು ಒಳಗಿದ್ದಾರೆ ಅನ್ನುವ ಹಾಜರಿ ಪುಸ್ತಕ ಅದು. ಒಬ್ಬೊಬ್ಬರಿಗೆ 64 ಬೈಟ್ ಜಾಗ, ಕಂಪ್ಯೂಟರ್ ಹೆಸರಿಗೆ 32, ಬಳಕೆದಾರರ ಹೆಸರಿಗೆ 32. ಒಟ್ಟಿಗೆ 255 ಜನರಿಗಿಂತ ಜಾಸ್ತಿ ಬರುವಂತಿಲ್ಲ. ಕೊನೆಯವರು ಹೊರಗೆ ಹೋದಾಗ ಆ ಫೈಲ್ ಅಳಿಸಿಹೋಗಬೇಕು. ಅಂದರೆ ಬಂದವರಿಗೆಲ್ಲ ಆ ಫೋಲ್ಡರಿನಲ್ಲಿ ಫೈಲ್ ಸೃಷ್ಟಿಸುವ ಅಧಿಕಾರವೂ ಬೇಕು, ಅಳಿಸುವ ಅಧಿಕಾರವೂ ಬೇಕು. ಅಜ್ಜನ ಬಡ್ಡಿಯನ್ನು ಸುಮ್ನೆ ಕಣ್ಣಲ್ಲಿ ನೋಡಿ ಹೇಳುವ ಮೇಡಂಗೂ ಬೇಕು. ‘ನೋಡಲು ಮಾತ್ರ’ ಅಂತ ಅನುಮತಿ ಕೊಟ್ಟರೆ ಹಾಜರಿ ಪುಸ್ತಕ ಹುಟ್ಟುವುದಿಲ್ಲ, ಜೊತೆಯಲ್ಲಿ ಕೂತು ಕೆಲಸ ಮಾಡುವುದೂ ಕೆಡುತ್ತದೆ. ಸೃಷ್ಟಿ, ಸ್ಥಿತಿ, ಲಯ ಮೂರೂ ಗೊತ್ತಿದ್ದವರಿಗೆ ಮಾತ್ರ ಲೆಡ್ಜರ್ ದರ್ಶನ.

ಇನ್ನು ಆ ಪುಸ್ತಕದಲ್ಲಿ ಬರೆದಿರುವ ಹೆಸರುಗಳನ್ನು ನೋಡಿ. ಅಡ್ಮಿನ್, ಅಡ್ಮಿನ್, ಅಡ್ಮಿನ್. ಬೇರೆ ಲಾಗಿನ್ ಮಾಡಿಸದಿದ್ದರೆ ಅಕ್ಸೆಸ್ ಲೆಕ್ಕದಲ್ಲಿ ಎಲ್ಲರೂ ಅಡ್ಮಿನ್ನೇ, ನಿನ್ನೆ ಸೇರಿದ ಅಪ್ರೆಂಟಿಸ್ ಕೂಡ. ಆದರೆ ಫೋಲ್ಡರ್ ತೆರೆಯುವ ಅಧಿಕಾರ ಈ ಅಡ್ಮಿನ್ನಿಗೆ ಇಲ್ಲ, ಅದು ವಿಂಡೋಸ್ ಕೈಯಲ್ಲಿದೆ. ಪದವಿ ಎಲ್ಲರಿಗೂ, ಅಧಿಕಾರ ಯಾರಿಗೂ ಇಲ್ಲ. ನಮ್ಮ ನಿಗಮ ಮಂಡಳಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಅಕ್ಸೆಸ್ ಒಳಗೇ ಯಾರಿಗೆ ಏನು ಅಂತ ಹಂಚುವ ವ್ಯವಸ್ಥೆ ಇತ್ತು. 2007ರಲ್ಲಿ ಹೊಸ ಬಗೆಯ ಫೈಲ್ ಬಂದಾಗ ಅದನ್ನು ಕೈಬಿಟ್ಟರು. ಹೆಸರು ಮಾತ್ರ ಉಳಿಯಿತು.

ಸರಿ, ಸಿಸ್ಟಮ್ ಹುಡುಗ ಬರುತ್ತಾನೆ. ಫೈಲ್ ಇರುವ ಕಂಪ್ಯೂಟರ್ ಮುಂದೆ ಕೂತು ಒತ್ತುತ್ತಾನೆ, ಥಟ್ಟನೆ ತೆರೆದುಕೊಳ್ಳುತ್ತದೆ. ‘ನಂಗೆ ಬರ್ತಿದೆಯಲ್ಲ ಮೇಡಂ?’ ಬಂದೇ ಬರುತ್ತದೆ. ಅಲ್ಲಿ ಕೂತರೆ ಫೋಲ್ಡರಿನ ಅನುಮತಿ ಒಂದೇ ಸಾಕು. ಮೇಡಂ ಮೇಜಿನಿಂದ ನೆಟ್‌ವರ್ಕ್ ಹಾದು ಬಂದರೆ ಬಾಗಿಲಲ್ಲಿ ಶೇರಿನ ಅನುಮತಿ, ಅಂದರೆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವಾಗ ಹಾಕುವ ಅನುಮತಿ ಅಂತ ಇನ್ನೊಂದು ಇದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಹುಡುಗನ ಮುಂದಿನ ಅಸ್ತ್ರ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’. ಒತ್ತಿದ ಕೂಡಲೇ ಎಷ್ಟೋ ಸಲ, ಆ ಫೋಲ್ಡರಿಗೆ ದಾರಿಯಾಗಿ ಮೇಡಂ ಕಂಪ್ಯೂಟರಿನಲ್ಲಿ ಜೋಡಿಸಿಟ್ಟ ಝಡ್ ಡ್ರೈವೇ ಮಾಯವಾಗುತ್ತದೆ. ಮಾಮೂಲಿಯಾಗಿ ಜೋಡಿಸಿದ ನೆಟ್‌ವರ್ಕ್ ಡ್ರೈವ್ ಆ ದೊಡ್ಡ ಅಧಿಕಾರದ ಕಣ್ಣಿಗೆ ಬೀಳುವುದಿಲ್ಲ. ಪ್ರಮೋಷನ್ ಆದ ಮೇಲೆ ಹಳೇ ಮೇಜಿನ ಕಡತ ಕಾಣದೇ ಹೋಗುವುದು ಮನುಷ್ಯರಿಗೆ ಮಾತ್ರ ಅಂದುಕೊಂಡಿದ್ದೆವು.

ಇಷ್ಟರಲ್ಲಿ ಪಕ್ಕದ ಮೇಜಿನಲ್ಲಿ 3073 ನಂಬರಿನ ಎರರ್ ಹಾಜರ್. ‘ಅಪ್‌ಡೇಟ್ ಮಾಡಬಲ್ಲ ಕ್ವೆರಿ ಕೊಡಿ’ ಅಂತ ಅದರ ತಕರಾರು. ಕ್ವೆರಿ ಅಂದರೆ ಡೇಟಾಬೇಸಿಗೆ ಬರೆದುಕೊಡುವ ಆಜ್ಞೆ. ಅದು ಸರಿಯಾಗಿಯೇ ಇರುತ್ತದೆ, ನಿನ್ನೆವರೆಗೂ ಓಡಿದೆ. ಫೋಲ್ಡರಿಗೆ ಬರೆಯುವ ಅನುಮತಿ ತಪ್ಪಿದಾಗಲೂ ಈ ಎರರ್ ಬರುತ್ತದೆ. ತಪ್ಪು ಮಾಡಿದ್ದು ಫೋಲ್ಡರ್, ನೋಟಿಸು ಮಾತ್ರ ಕ್ವೆರಿಗೆ. ಅಕೌಂಟೆಂಟ್ ಪಾಪ ಕ್ವೆರಿಯನ್ನು ಕಿತ್ತು ಕಿತ್ತು ಮತ್ತೆ ಬರೆಯುತ್ತಿದ್ದಾರೆ.

ಕೊನೆಗೆ ಆಗುವುದು ಎಲ್ಲ ಕಡೆ ಆಗುವುದೇ. ಹುಡುಗ ಸೆಕ್ಯುರಿಟಿ ಟ್ಯಾಬಿಗೆ ಹೋಗಿ ‘ಎವರಿವನ್’ ಅನ್ನುವ ಹೆಸರಿಗೆ ‘ಫುಲ್ ಕಂಟ್ರೋಲ್’ ಟಿಕ್ ಹಾಕುತ್ತಾನೆ. ಶೇರಿಗೂ ಹಾಗೇ. ಬೆಳಗ್ಗೆ ಕಾರ್ಯದರ್ಶಿಗೂ ಇಲ್ಲದ ಅಧಿಕಾರ ಮಧ್ಯಾಹ್ನದೊಳಗೆ ವೈಫೈ ಪಾಸ್‌ವರ್ಡ್ ಕೇಳಿಕೊಂಡು ಹೋದ ಪಿಗ್ಮಿ ಏಜೆಂಟರಿಗೂ ಸಿಕ್ಕೀತು. ಯಾರೂ ಒಳಗೆ ಬರಬಾರದು, ಇಲ್ಲವೇ ಎಲ್ಲರೂ ಬರಬೇಕು. ನಡುವೆ ಒಂದು ದಾರಿ ಇದೆ ಅನ್ನುವುದು ನಮ್ಮ ಆಫೀಸುಗಳಿಗೆ ಯಾಕೋ ಹೊಳೆಯುವುದೇ ಇಲ್ಲ.

ದಾರಿ ಇದೆ, ಕಷ್ಟದ್ದೂ ಅಲ್ಲ. ಲೆಕ್ಕ ಮುಟ್ಟುವವರದ್ದೇ ಒಂದು ಗುಂಪು ಮಾಡಿ, ಆ ಒಂದು ಫೋಲ್ಡರಿಗೆ ‘ಮಾಡಿಫೈ’ ಅನುಮತಿ ಕೊಟ್ಟು, ಶೇರಿನಲ್ಲಿ ‘ಚೇಂಜ್’ ಕೊಟ್ಟರೆ ಆಯಿತು. ಪರದೆಯ ಮೇಲೆ ತುಂಬುವ ಫಾರಂಗಳ ಫೈಲನ್ನು ಲೆಕ್ಕದ ಫೈಲಿನಿಂದ ಬೇರೆ ಮಾಡಿ ಅವರವರ ಕಂಪ್ಯೂಟರಿಗೆ ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಖರ್ಚಿಲ್ಲದ್ದನ್ನು ಮೀಟಿಂಗಿನಲ್ಲಿ ಯಾವ ವಿಷಯ ಅಂತ ಇಡುವುದು? ಹಾಗಾಗಿ ‘ಕಂಪ್ಯೂಟರ್ ಹಳತಾಗಿದೆ’ ಅಂತ ಠರಾವು ಆಗುತ್ತದೆ, ಮೂರು ಕೊಟೇಶನ್ ಬರುತ್ತವೆ, ಹೊಸ ಕಂಪ್ಯೂಟರೂ ಬರುತ್ತದೆ. ಅಧ್ಯಕ್ಷರು ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಬಟನ್ ಒತ್ತುತ್ತಾರೆ. ಹುಡುಗ ಅದನ್ನು ತಂದು ಅದೇ ಝಡ್ ಡ್ರೈವಿಗೆ ಜೋಡಿಸುತ್ತಾನೆ. ಯುಪಿಎಸ್ ವಿಷಯ ಮಾತ್ರ ಮುಂದಿನ ಮೀಟಿಂಗಿಗೆ ಹೋಗಿದೆಯಂತೆ.